ಅಡಿಗೆಮನೆಯ ಉಪ್ಪಿನ ಲೆಕ್ಕ

ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯನ್ನು ಅರಿಯದ ಒಕ್ಕಲಿನ ಮನೆಯಿಲ್ಲ. ಒಂದು ಕಾಲದಲ್ಲಿ ಉಪ್ಪು ಬಡವರಿಗೆ ಸುಲಭವಾಗಿ ದೊರೆಯತಕ್ಕ ಪದಾರ್ಥವಾಗಿರಲಿಲ್ಲ. ಕಡಲ ತೀರದಿಂದ ಘಟ್ಟದ ಮೇಲಕ್ಕೆ ಎತ್ತುಗಳ ಮೇಲೆ ಹೇರಿ ತರಬೇಕಾಗಿದ್ದ ಈ ಪದಾರ್ಥದ ಮೇಲೆ ಬ್ರಿಟಿಷ್ ಸರ್ಕಾರದವರು ತೆರಿಗೆಯನ್ನೂ ವಿಧಿಸಿದ್ದರು. 1930ನೆಯ ಇಸವಿಯಲ್ಲಿ ಅಂಕೋಲೆಯ ಜನರು ಕಾನೂನನ್ನು ಮೀರಿ ಉಪ್ಪನ್ನು ತಯಾರಿಸಿದುದು ಈ ತೆರಿಗೆಗೆ ವಿರೋಧವಾಗಿಯೇ. 1947ರಲ್ಲಿ ತೆರಿಗೆಯು ರದ್ದಾಯಿತು. ಈಗಲಾದರೋ ಅಡಿಗೆಮನೆಯ ಪದಾರ್ಥಗಳಲ್ಲೆಲ್ಲಾ ಉಪ್ಪೇ ಬಹಳ ಅಗ್ಗವಾದುದು. ಅಗ್ಗವಾದ ಪದಾರ್ಥಕ್ಕೆ ಲೆಕ್ಕವಿಡುವವರು ವಿರಳ. ಬಿತ್ತನೆಯ ಬೀಜ, ಗೊಬ್ಬರ, ಹಿಂಡಿ, ಆಳಿನ ಕೂಲಿ ಇವುಗಳ ಖರ್ಚನ್ನು ಕ್ರಮವಾಗಿ ಬರೆದಿಡುವ ಜಮೀನುದಾರನನ್ನು, ಆತನ ಮನೆಯಲ್ಲಿ ತಿಂಗಳೊಂದಕ್ಕೆ ಎಷ್ಟು ಉಪ್ಪು ಖರ್ಚಾಗುವುದೆಂದು ಕೇಳಿದರೆ, ಉತ್ತರ ಹೇಳುವುದು ಕಷ್ಟ. ಈ ಲೆಕ್ಕವನ್ನು ಏಕೆ ಇಡಬೇಕು, ಹೇಗೆ ಇಡಬೇಕು, ಖರ್ಚು ಹೆಚ್ಚಾಗಿ ಕಂಡರೆ ಅದನ್ನು ಇಳಿಸತಕ್ಕ ಕ್ರಮವೇನು ಎಂಬುದನ್ನು ಇಲ್ಲಿ ವಿವರಿಸಿದೆ.

ದೇಹಕ್ಕೆ ಉಪ್ಪಿನ ಅವಶ್ಯಕತೆ

ಅಡಿಗೆಯ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಮೂಲವಸ್ತುಗಳು ಕೂಡಿ ಆದುದು. ತೂಕದಲ್ಲಿ ನೂರು ಭಾಗ ಉಪ್ಪಿಗೆ ಸುಮಾರು 40 ಭಾಗ ಸೋಡಿಯಂ ಇರುವುದು. ನರಗಳು ಮತ್ತು ಮಾಂಸಖಂಡಗಳು ಕೆಲಸಮಾಡುವುದಕ್ಕೂ ದೇಹದಲ್ಲಿ ನೀರು ತಕ್ಕ ಪ್ರಮಾಣದಲ್ಲಿ ನಿಲ್ಲುವುದಕ್ಕೂ ಸೋಡಿಯಂ ಬೇಕೇ ಬೇಕು. ಆದರೆ ಬೇಕಾದ ಪ್ರಮಾಣವು ಅತ್ಯಲ್ಪ. ದಿನಕ್ಕೆ ಒಂದೆರಡು ಗ್ರಾಂ ಉಪ್ಪಿನಿಂದಲೇ ದೇಹದ ಕನಿಷ್ಠ ಅವಶ್ಯಕತೆಯು ಪೂರೈಸುವುದು. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪನ್ನು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ವಿಧಿಸಿರುತ್ತಾರೆ. ಇದು ಒಂದು ಚಹಾ ಚಮಚದ ಸಮಮಟ್ಟಕ್ಕಿಂತ ತುಸು ಕಡಮೆಯಾದ ಪುಡಿ ಉಪ್ಪು. ಸಾರು, ಪಲ್ಯ, ಚಟ್ನಿ, ಮಜ್ಜಿಗೆ, ಉಪ್ಪಿನಕಾಯಿ, ಅಂಗಡಿಯ ತಿಂಡಿ ಎಲ್ಲವೂ ಈ 5 ಗ್ರಾಮಿನೊಳಗೇ ಅಡಗಬೇಕು.

ಬಳಕೆಯು ಇದಕ್ಕಿಂತ ಬಹಳ ಹೆಚ್ಚು. ಭಾರತ ದೇಶದಲ್ಲಿ 2017-18ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜನರ ಮೂತ್ರವನ್ನು ಪರೀಕ್ಷಿಸಿ ನೋಡಲಾಗಿ, ವಯಸ್ಕನೊಬ್ಬನು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪನ್ನು ಸೇವಿಸುತ್ತಿದ್ದುದು ಕಂಡುಬಂದಿತು. ಗಂಡಸರಲ್ಲಿ ಇದು ಸುಮಾರು 9 ಗ್ರಾಂ, ಹೆಂಗಸರಲ್ಲಿ ಸುಮಾರು 7 ಗ್ರಾಂ.

ಅತಿಯಾದ ಉಪ್ಪಿನಿಂದಾಗುವ ಕೇಡು

ಭೂಮಿಯಲ್ಲಿ ಲವಣಾಂಶವು ಮಿತಿಮೀರಿದರೆ ಏನಾಗುವುದೆಂಬುದು ನಾಲೆಯ ಬಯಲಿನ ಜಮೀನುದಾರರಿಗೆ ಹೊಸದಾಗಿ ಹೇಳಬೇಕಾದುದಲ್ಲ. ನೀರು ಬಸಿದು ಹೋಗುವ ದಾರಿಯಿಲ್ಲದ ಗದ್ದೆಯಲ್ಲಿ ವರ್ಷದಿಂದ ವರ್ಷಕ್ಕೆ ಚೌಳು ಏರುತ್ತದೆ. ಮೊದಮೊದಲು ಬೆಳೆಯಲ್ಲಿ ಏನೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಭೂಮಿಯು ಕೆಟ್ಟಿರುತ್ತದೆ. ದೇಹದಲ್ಲಿ ಹೆಚ್ಚಿನ ಉಪ್ಪನ್ನು ಬಸಿದು ಹೊರಹಾಕುವ ಕೆಲಸವು ಮೂತ್ರಪಿಂಡಗಳದು. ತಿನ್ನುವ ಉಪ್ಪು ದಿನವೂ ಮಿತಿಮೀರಿದರೆ ಅವು ತಮ್ಮ ಕೆಲಸದಲ್ಲಿ ಹಿಂದೆ ಬೀಳುತ್ತವೆ. ಉಳಿದ ಉಪ್ಪು ತನ್ನೊಡನೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ತಿಂದವನು ನೀರು ಕುಡಿಯಬೇಕೆಂಬ ಗಾದೆಯು ದೇಹಧರ್ಮವನ್ನೇ ಹೇಳುತ್ತದೆ. ಹೀಗೆ ನೀರು ಹೆಚ್ಚಿದಾಗ ರಕ್ತನಾಳಗಳಲ್ಲಿ ಒತ್ತಡವು ಏರುವುದು. ಈ ಏರಿಕೆಯು ಎಲ್ಲರಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ವಯಸ್ಸಾದವರಲ್ಲಿಯೂ ಮೊದಲೇ ಒತ್ತಡವುಳ್ಳವರಲ್ಲಿಯೂ ಅಧಿಕ.

ರಕ್ತದ ಒತ್ತಡವನ್ನು ಎರಡು ಅಂಕೆಗಳಲ್ಲಿ ಹೇಳುವುದು ರೂಢಿ. ಮೇಲಿನ ಅಂಕೆ 140 ಅಥವಾ ಕೆಳಗಿನ ಅಂಕೆ 90, ಇಲ್ಲವೆ ಅದಕ್ಕೂ ಹೆಚ್ಚಾಗಿ, ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಕಂಡುಬಂದರೆ ಅದನ್ನು ರೋಗವೆಂದೇ ಎಣಿಸತಕ್ಕದ್ದು. ಈ ರೋಗಕ್ಕೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ಹೊರಗೆ ತೋರುವ ಗುರುತಿಲ್ಲ. ಹಲವು ವರ್ಷ ಒಳಗೊಳಗೇ ರಕ್ತನಾಳಗಳನ್ನು ಕೆಡಿಸಿ, ಕೊನೆಗೆ ಲಕ್ವ, ಹೃದಯಾಘಾತ ಅಥವಾ ಮೂತ್ರಪಿಂಡದ ರೋಗವಾಗಿ ಹೊರಬೀಳುವುದು. ಐವತ್ತರ ವಯಸ್ಸಿನಲ್ಲಿ ಮನೆಯ ಯಜಮಾನನಿಗೆ ಲಕ್ವ ಹೊಡೆದು ಒಂದು ಕೈ ಒಂದು ಕಾಲು ಬಿದ್ದುಹೋದರೆ ಆ ಒಕ್ಕಲಿನ ಗತಿಯೇನಾಗುವುದೆಂಬುದನ್ನು ಪ್ರತಿಯೊಂದು ಊರಿನಲ್ಲಿಯೂ ಕಾಣಬಹುದು. ಜಮೀನು ವಾರಕ್ಕೆ ಹೋಗುವುದು; ಎತ್ತುಗಳು ಸಂತೆಗೆ ಹೋಗುವುವು; ಓದುತ್ತಿದ್ದ ಹುಡುಗನು ಓದನ್ನು ಬಿಟ್ಟು ಮನೆಗೆ ಬರುವನು. ಬೆಳೆಗೆ ಬರುವ ರೋಗಕ್ಕೆ ಮುಂಜಾಗ್ರತೆ ವಹಿಸುವವರು ಇದಕ್ಕೂ ವಹಿಸುವುದು ನ್ಯಾಯ.

ಚೀನಾ ದೇಶದ 600 ಗ್ರಾಮಗಳ ಪ್ರಯೋಗ

ಒಂದು ಮಡಿಗೆ ಹೊಸ ಗೊಬ್ಬರವನ್ನು ಹಾಕಿ, ಪಕ್ಕದ ಮಡಿಯನ್ನು ಮೊದಲಿನಂತೆಯೇ ಬಿಟ್ಟು, ಎರಡರ ಇಳುವರಿಯನ್ನು ತೂಗಿ ನೋಡುವುದು ವ್ಯವಸಾಯದಲ್ಲಿ ಪರೀಕ್ಷೆಯ ಕ್ರಮ. ಉಪ್ಪಿನ ವಿಷಯದಲ್ಲಿಯೂ ಇಂಥ ಪರೀಕ್ಷೆಯೊಂದು ಉತ್ತರ ಚೀನಾದ ಹಳ್ಳಿಗಳಲ್ಲಿ ನಡೆದಿದೆ. ಅಲ್ಲಿಯೂ ಹಳ್ಳಿಯವರು ತಿನ್ನುವ ಉಪ್ಪಿನಲ್ಲಿ ಬಹುಭಾಗವು ಮನೆಯ ಅಡಿಗೆಯಲ್ಲಿ ಕೈಯಿಂದ ಹಾಕಿದುದೇ ಹೊರತು ಕಾರ್ಖಾನೆಯ ಆಹಾರದಿಂದ ಬಂದುದಲ್ಲ. ಆದುದರಿಂದ ಈ ಪ್ರಯೋಗದ ಫಲವು ಕನ್ನಡ ನಾಡಿನ ಹಳ್ಳಿಗಳವರೂ ಗಮನಿಸತಕ್ಕದ್ದಾಗಿದೆ.

600 ಗ್ರಾಮಗಳಿಂದ ಸುಮಾರು 21,000 ಜನರನ್ನು ಈ ಪ್ರಯೋಗಕ್ಕೆ ಆರಿಸಿದರು. ಅವರೆಲ್ಲರೂ ಹಿಂದೆ ಲಕ್ವಕ್ಕೆ ಗುರಿಯಾದವರು, ಅಥವಾ 60 ವರ್ಷ ದಾಟಿ ರಕ್ತದ ಒತ್ತಡವುಳ್ಳವರು. ಅರ್ಧದಷ್ಟು ಗ್ರಾಮಗಳಲ್ಲಿ ಸಾಮಾನ್ಯ ಉಪ್ಪಿಗೆ ಬದಲಾಗಿ, ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಸಾಮಾನ್ಯ ಉಪ್ಪು ಮತ್ತು ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿದ ಉಪ್ಪನ್ನು ಕೊಟ್ಟರು. ಉಳಿದ ಗ್ರಾಮಗಳಲ್ಲಿ ವಾಡಿಕೆಯ ಉಪ್ಪನ್ನೇ ಮುಂದುವರಿಸಿದರು. ಸುಮಾರು 5 ವರ್ಷ ಲೆಕ್ಕವಿಟ್ಟು, 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಾಡಿಕೆಯ ಉಪ್ಪಿನ ಗ್ರಾಮಗಳಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 34 ಲಕ್ವದ ಪ್ರಕರಣಗಳಾದರೆ, ಬದಲಿ ಉಪ್ಪಿನ ಗ್ರಾಮಗಳಲ್ಲಿ ಸುಮಾರು 29 ಆದುವು. ಮರಣಗಳು ಸಾವಿರಕ್ಕೆ ಸುಮಾರು 45ರಿಂದ 39ಕ್ಕೆ ಇಳಿದುವು. ಅಡಿಗೆಯ ಕ್ರಮವನ್ನಾಗಲಿ ಬೆಳೆಯುವ ಬೆಳೆಯನ್ನಾಗಲಿ ಬದಲಿಸದೆ, ಉಪ್ಪಿನ ಭರಣಿಯೊಂದನ್ನು ಮಾತ್ರ ಬದಲಿಸಿ ಪಡೆದ ಫಲವಿದು.

ಇಲ್ಲಿ ಎರಡು ಕಾರಣಗಳು ಕೂಡಿ ಕೆಲಸಮಾಡಿದುವು. ಸೋಡಿಯಂ ಕಡಮೆಯಾದುದು ಒಂದು. ಪೊಟ್ಯಾಸಿಯಂ ಹೆಚ್ಚಾದುದು ಮತ್ತೊಂದು. ಪೊಟ್ಯಾಸಿಯಂ ರಕ್ತದ ಒತ್ತಡವನ್ನು ಇಳಿಸುವ ಗುಣವುಳ್ಳದ್ದು. ಇದು ಹೊಲದಲ್ಲಿಯೇ ಬೆಳೆಯುವ ಹುರುಳಿ, ಅವರೆ, ಅಲಸಂದೆ, ಸೊಪ್ಪು, ಬಾಳೆಹಣ್ಣು, ಎಳನೀರು ಇವುಗಳಲ್ಲಿ ಧಾರಾಳವಾಗಿರುವುದು. ಬಿಳಿಯ ಅಕ್ಕಿಗಿಂತ ರಾಗಿಯಲ್ಲಿ ಹೆಚ್ಚು.

ಮನೆಯ ಲೆಕ್ಕ

ಉಪ್ಪು ಎಷ್ಟು ಖರ್ಚಾಗುವುದೆಂದು ತಿಳಿಯುವುದಕ್ಕೆ ವೈದ್ಯರ ಪರೀಕ್ಷೆ ಬೇಕಾಗಿಲ್ಲ; ಪಂಚಾಂಗ ಅಥವಾ ಕ್ಯಾಲೆಂಡರ್ ಒಂದಿದ್ದರೆ ಸಾಕು. 1 ಕಿಲೊ ಉಪ್ಪಿನ ಪೊಟ್ಟಣವನ್ನು ಒಡೆದ ದಿನವನ್ನೂ ಅದು ಮುಗಿದ ದಿನವನ್ನೂ ಬರೆದಿಡಬೇಕು. ದನಗಳಿಗೆ ಕೊಡುವ ಉಪ್ಪನ್ನೂ ತೆಂಗಿನ ಸಸಿಯ ಗುಂಡಿಗೆ ಹಾಕುವ ಉಪ್ಪನ್ನೂ ಬೇರೆಯಾಗಿಡಬೇಕು; ಇಲ್ಲವಾದರೆ ಲೆಕ್ಕವು ತಪ್ಪುವುದು. ಅನಂತರ 1,000 ಗ್ರಾಮನ್ನು ದಿನಗಳ ಸಂಖ್ಯೆಯಿಂದಲೂ ಉಣ್ಣುವವರ ಸಂಖ್ಯೆಯಿಂದಲೂ ಭಾಗಿಸತಕ್ಕದ್ದು. ಮಧ್ಯಾಹ್ನದ ಊಟ ಮಾತ್ರ ಮಾಡುವ ಆಳನ್ನು ಅರ್ಧ ಜನವೆಂದು ಹಿಡಿಯಬಹುದು.

ಉದಾಹರಣೆಗೆ, ದೊಡ್ಡವರು 5 ಮಂದಿ ಇರುವ ಮನೆಯಲ್ಲಿ ಪೊಟ್ಟಣವು 20 ದಿನಗಳಲ್ಲಿ ಮುಗಿಯಿತೆಂದು ಇಟ್ಟುಕೊಂಡರೆ, ತಲೆಗೆ ದಿನಕ್ಕೆ 10 ಗ್ರಾಂ ಆಯಿತು. ಆ ಮನೆಯಲ್ಲಿ ಉಪ್ಪಿನಕಾಯಿಗೆಂದು ಬೇರೆಯಾಗಿ 1 ಕಿಲೊ ಉಪ್ಪು ಹಾಕಿ, ಆ ಉಪ್ಪಿನಕಾಯಿಯು 300 ದಿನ ಬಂದರೆ, ತಲೆಗೆ ದಿನಕ್ಕೆ ಇನ್ನೂ ಸುಮಾರು ಮೂರರಲ್ಲಿ ಎರಡು ಪಾಲು ಗ್ರಾಂ ಸೇರಿತು. ಅಂಗಡಿಯ ಖಾರ, ಚಿಪ್ಸ್, ಬಿಸ್ಕತ್ತು, ಬ್ರೆಡ್ಡು ಇವುಗಳಲ್ಲಿರುವುದು ಇದರ ಮೇಲೆ. ಅಂದರೆ ಆ ಮನೆಯವರು ವಿಧಿಸಿದ ಮಿತಿಯ ಎರಡರಷ್ಟಕ್ಕಿಂತ ಹೆಚ್ಚು ಉಪ್ಪನ್ನು ತಿನ್ನುತ್ತಿದ್ದಾರೆಂದಾಯಿತು. 5 ಮಂದಿಯ ಮನೆಗೆ 1 ಕಿಲೊ ಉಪ್ಪು 40 ದಿನಗಳಿಗೆ ಕಡಮೆಯಿಲ್ಲದೆ ಬರಬೇಕು. ಈ ಒಂದು ಅಂಕೆಯನ್ನು ನೆನಪಿನಲ್ಲಿಟ್ಟುಕೊಂಡರೆ ಯಾವ ಮನೆಯವರಾದರೂ ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು. ಮಕ್ಕಳಿರುವ ಮನೆಯಲ್ಲಿ ಇನ್ನೂ ಹೆಚ್ಚು ದಿನ ಬರತಕ್ಕದ್ದು, ಏಕೆಂದರೆ ಮಕ್ಕಳ ಮಿತಿಯು ದೊಡ್ಡವರದಕ್ಕಿಂತ ಕಡಮೆ.

ಕಡಮೆ ಮಾಡುವ ಕ್ರಮ

ಒಂದೇ ದಿನದಲ್ಲಿ ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಊಟವು ಸಪ್ಪೆಯಾಗಿ ಮನೆಯವರೆಲ್ಲರೂ ಬೇಸರಪಡುವರು. ಪ್ರಯತ್ನವು ಅಲ್ಲಿಗೇ ನಿಲ್ಲುವುದು. ನಾಲಿಗೆಯ ರುಚಿಯು ಅಭ್ಯಾಸದಿಂದ ಬಂದುದು, ಅಭ್ಯಾಸದಿಂದಲೇ ಬದಲಾಗುವುದು. ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆಯು ಹೊಂದಿಕೊಂಡು, ಮೊದಲು ಹಿತವಾಗಿದ್ದ ಸಾರೇ ಅನಂತರ ಉಪ್ಪಾಗಿ ತೋರುವುದು. ಮೇಲೆ ಹೇಳಿದ ಮನೆಯಲ್ಲಿ 20 ದಿನ ಬರುತ್ತಿದ್ದ ಪೊಟ್ಟಣವನ್ನು ಮೊದಲು 23 ದಿನಕ್ಕೆ, ಮುಂದೆ 26ಕ್ಕೆ, 30ಕ್ಕೆ, 35ಕ್ಕೆ, ಕೊನೆಗೆ 40ಕ್ಕೆ ಮುಟ್ಟಿಸತಕ್ಕದ್ದು. ಇದಕ್ಕೆ ಐದಾರು ತಿಂಗಳು ಹಿಡಿದರೂ ಚಿಂತೆಯಿಲ್ಲ.

ಇದಕ್ಕಾಗಿ ಅಡಿಗೆಯಲ್ಲಿ ಅನುಸರಿಸತಕ್ಕ ಕ್ರಮಗಳು ಕಷ್ಟವಾದುವಲ್ಲ. ಮೊದಲನೆಯದಾಗಿ, ಉಪ್ಪನ್ನು ಕೈಯಿಂದ ಹಾಕದೆ ಒಂದೇ ಚಮಚದಿಂದ ಅಳೆದು ಹಾಕಬೇಕು. ಎರಡನೆಯದಾಗಿ, ಅನ್ನ, ಮುದ್ದೆ, ರೊಟ್ಟಿ, ಚಪಾತಿಗಳಿಗೆ ಉಪ್ಪನ್ನು ಹಾಕದಿರಬೇಕು. ಇವುಗಳೊಡನೆ ಉಣ್ಣುವ ಸಾರು ಪಲ್ಯಗಳಲ್ಲಿ ಇರುವುದೇ ಸಾಕು. ಮೂರನೆಯದಾಗಿ, ಬೇಳೆಗೆ ಒಂದು ಸಲ, ತರಕಾರಿಗೆ ಒಂದು ಸಲ, ಒಗ್ಗರಣೆಯ ಕಾಲಕ್ಕೆ ಇನ್ನೊಂದು ಸಲ ಹಾಕುವ ವಾಡಿಕೆಯನ್ನು ಬಿಟ್ಟು, ಕೊನೆಯಲ್ಲಿ ಒಂದೇ ಸಲ ಹಾಕಬೇಕು. ನಾಲ್ಕನೆಯದಾಗಿ, ಎಲೆಯ ತುದಿಗೆ ಉಪ್ಪನ್ನು ಬಡಿಸುವ ಪದ್ಧತಿಯಿರುವಲ್ಲಿ ಅದು ಶಾಸ್ತ್ರಕ್ಕೆ ಚಿಟಿಕೆಯಷ್ಟೇ ಇರಲಿ, ಕಲಸಿಕೊಳ್ಳುವುದಕ್ಕಲ್ಲ. ಮಜ್ಜಿಗೆಯನ್ನು ಉಪ್ಪಿಲ್ಲದೆ ಉಣ್ಣುವುದನ್ನು ಮಕ್ಕಳಿಗೆ ಮೊದಲಿನಿಂದಲೇ ರೂಢಿಮಾಡಿಸಬೇಕು. ಉಪ್ಪು ತಗ್ಗಿದಲ್ಲಿ ರುಚಿಯನ್ನು ತುಂಬುವುದಕ್ಕೆ ಹುಣಿಸೆ, ನಿಂಬೆ, ಮಾವಿನಕಾಯಿಗಳ ಹುಳಿಯೂ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಕರಿಬೇವು, ಕೊತ್ತಂಬರಿಗಳ ಪರಿಮಳವೂ ಬಹಳ ಸಹಾಯಕ. ತಿಂಡಿಗಳನ್ನು ಉಬ್ಬಿಸಲು ಹಾಕುವ ಅಡಿಗೆ ಸೋಡದಲ್ಲಿಯೂ ಸೋಡಿಯಂ ಇರುವುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಒಕ್ಕಲಿನ ಮನೆಯಲ್ಲಿ ಅಡಿಗೆಯ ಉಪ್ಪನ್ನು ನಿರ್ಧರಿಸುವುದು ಅಡಿಗೆ ಮಾಡುವವರ ಕೈಯಲ್ಲ, ಯಜಮಾನನ ನಾಲಿಗೆ. ಸಾರು ಸಪ್ಪೆಯೆಂದು ಆತನು ಒಂದು ದಿನ ಎಲೆಯ ಮುಂದೆ ಸಿಡುಕಿದರೆ, ಮಾರನೆಯ ದಿನ ಮನೆಯವರೆಲ್ಲರ ಪಾಲಿನ ಉಪ್ಪೂ ಏರುವುದು. ಮೇಲೆ ಹೇಳಿದಂತೆ ಗಂಡಸರ ಬಳಕೆಯೇ ಹೆಚ್ಚು. ಹೀಗಿರುವುದರಿಂದ ಸುಧಾರಣೆಯು ಯಜಮಾನನಿಂದಲೇ ಮೊದಲಾಗಬೇಕು. ತಾನು ಇಂಥ ಉದ್ದೇಶದಿಂದ ಉಪ್ಪನ್ನು ಇಳಿಸಬೇಕೆಂದಿರುವುದಾಗಿ ಆತನು ಬಾಯಿಬಿಟ್ಟು ಹೇಳಿದ ಹೊರತು ಮನೆಯ ಹೆಂಗಸರು ಧೈರ್ಯವಾಗಿ ಚಮಚವನ್ನು ಇಳಿಸಲಾರರು.

ಉಪ್ಪಿನಕಾಯಿ, ಹಪ್ಪಳ, ಬಾಳಕ

ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗೆ ಮಾತ್ರ ಇರುವುದಲ್ಲ. ಕಾಯಿ ಕೊಳೆಯದಂತೆ ಕಾಯುವುದೂ ಅದೇ. ಆದುದರಿಂದ ವರ್ಷಕ್ಕೆಂದು ಹಾಕುವ ಉಪ್ಪಿನಕಾಯಿಯಲ್ಲಿ ಉಪ್ಪನ್ನು ಇಳಿಸಿದರೆ ಬೂಷ್ಟು ಹಿಡಿದು ಕೆಡುವ ಸಂಭವವುಂಟು. ಇಲ್ಲಿ ಇಳಿಸತಕ್ಕದ್ದು ಭರಣಿಯ ಉಪ್ಪನ್ನಲ್ಲ, ಎಲೆಗೆ ಬಡಿಸುವ ಪ್ರಮಾಣವನ್ನು. ಮೂರು ಹೊತ್ತೂ ಬಡಿಸುವ ಮನೆಯಲ್ಲಿ ಒಂದು ಹೊತ್ತಿಗೆ ನಿಲ್ಲಿಸಿ, ಮಿಕ್ಕ ಹೊತ್ತಿಗೆ ಅಂದಂದಿಗೆ ಕಲಸಿದ ಮಾವಿನಕಾಯಿ ಅಥವಾ ನೆಲ್ಲಿಕಾಯಿಯ ಹಸಿ ಗೊಜ್ಜನ್ನು ಕಡಮೆ ಉಪ್ಪಿನಲ್ಲಿ ಮಾಡಿಕೊಳ್ಳಬಹುದು. ಹಪ್ಪಳ ಸಂಡಿಗೆಗಳ ವಿಷಯ ಬೇರೆ. ಹಿಟ್ಟು ಹಸಿಯಾಗಿರುವಾಗ ಉಪ್ಪು ಸರಿಯಾಗಿ ತೋರಿದರೆ, ನೀರು ಆರಿದ ಮೇಲೆ ಅದು ಹೆಚ್ಚಾಗುವುದು ಖಂಡಿತ. ಹಿಟ್ಟು ನಾಲಿಗೆಗೆ ಸಪ್ಪೆಯಾಗಿರುವಾಗಲೇ ಒತ್ತಿ ಒಣಗಿಸುವುದು ಒಳ್ಳೆಯದು. ಮಜ್ಜಿಗೆ ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿಯನ್ನೂ ಒಣ ಮೀನನ್ನೂ ಅಪರೂಪಕ್ಕೆ ಬಳಸತಕ್ಕದ್ದು.

ಕಲ್ಲುಪ್ಪು, ಸೈಂಧವ ಲವಣ ಇವುಗಳಿಂದ ಬಾಧೆಯಿಲ್ಲವೆಂಬ ನಂಬಿಕೆಯು ಕೆಲವರಲ್ಲಿದೆ. ಇದು ಸರಿಯಲ್ಲ. ಇವೂ ಬಹುಮಟ್ಟಿಗೆ ಅದೇ ಸೋಡಿಯಂ ಕ್ಲೋರೈಡೇ ಆಗಿವೆ. ಇವುಗಳಿಗೆ ಅಯೋಡಿನ್ ಸೇರಿಸಿರದಿದ್ದರೆ ಮತ್ತೊಂದು ಕೊರತೆಯೂ ಉಂಟು. ಅಯೋಡಿನ್ ಕೊರತೆಯಿಂದ ಗಳಗಂಡವೂ ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಗೆ ಕುಂದೂ ಬರುವುವೆಂಬ ಕಾರಣದಿಂದ, ಅಯೋಡಿನ್ ಸೇರಿಸದ ಉಪ್ಪನ್ನು ಜನರ ಆಹಾರಕ್ಕೆಂದು ಮಾರುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಉಪ್ಪನ್ನು ಕಡಮೆಮಾಡಬೇಕು, ಹಾಕುವಷ್ಟು ಉಪ್ಪು ಅಯೋಡಿನ್ ಉಳ್ಳದ್ದಾಗಿರಬೇಕು. ಈ ಎರಡು ಮಾತುಗಳಿಗೂ ವಿರೋಧವಿಲ್ಲ.

ಬೇಸಾಯದ ಆಳುಗಳ ವಿಷಯ

ಬಿಸಿಲಿನಲ್ಲಿ ದುಡಿದು ಬೆವರು ಸುರಿಸುವವರಿಗೆ ಉಪ್ಪು ಹೆಚ್ಚು ಬೇಕಲ್ಲವೇ ಎಂದು ಜಮೀನುದಾರರು ಕೇಳುವುದುಂಟು. ಬೆವರಿನಲ್ಲಿ ಉಪ್ಪು ಹೊರಗೆ ಹೋಗುವುದು ನಿಜ. ಆದರೆ ದಿನವೂ ಬಿಸಿಲಿನಲ್ಲಿ ಕೆಲಸಮಾಡುವವರ ದೇಹವು ಕೆಲವೇ ದಿನಗಳಲ್ಲಿ ಬೆವರಿನಲ್ಲಿ ಹೋಗುವ ಉಪ್ಪನ್ನು ಉಳಿಸಿಕೊಳ್ಳುವುದನ್ನು ಕಲಿಯುವುದು. ಮಳೆಗಾಲದಲ್ಲಿಯೂ ನೆರಳಿನಲ್ಲಿಯೂ ಬೇಸಗೆಯ ದುಡಿಮೆಯ ಉಪ್ಪನ್ನೇ ತಿನ್ನುವುದಕ್ಕೆ ಬೆವರು ಕಾರಣವಾಗಲಾರದು. ಕಡು ಬೇಸಗೆಯಲ್ಲಿ ದಿನವಿಡೀ ಅಗೆಯುವ, ಹೊರುವ ಆಳುಗಳಿಗೆ ಮುಖ್ಯವಾಗಿ ಬೇಕಾದುದು ಧಾರಾಳವಾದ ನೀರು, ನೆರಳಿನಲ್ಲಿ ವಿಶ್ರಾಂತಿ ಮತ್ತು ಹೊತ್ತಿಗೆ ಸರಿಯಾದ ಊಟ. ಅಂಥ ದಿನಗಳಲ್ಲಿ ನೀರುಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕುವುದು ತಪ್ಪಲ್ಲ. ದುಡಿದು ತಿನ್ನುವ ಯಜಮಾನನಿಗಿಂತ ಕುಳಿತು ತಿನ್ನುವ ಯಜಮಾನನಿಗೆ ಈ ಲೇಖನದ ಮಾತು ಹೆಚ್ಚಾಗಿ ಅನ್ವಯಿಸುವುದು.

ಎಚ್ಚರಿಕೆಗಳು

ವಾಂತಿಭೇದಿಯಾದವರಿಗೆ, ಅದರಲ್ಲಿಯೂ ಮಕ್ಕಳಿಗೆ, ಆರೋಗ್ಯ ಕೇಂದ್ರದಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿರುವಷ್ಟು ನೀರಿನಲ್ಲಿ ಕರಗಿಸಿ ಕೊಡುವುದಕ್ಕೆ ಹಿಂಜರಿಯಬಾರದು. ಆಗ ಉಪ್ಪು ಮತ್ತು ನೀರು ಪ್ರಾಣವನ್ನು ಉಳಿಸತಕ್ಕವು. ರಕ್ತದ ಒತ್ತಡಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿರುವವರು, ಉಪ್ಪನ್ನು ಇಳಿಸಿದೆವೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ನಡೆಯಬೇಕು.

ಪೊಟ್ಯಾಸಿಯಂ ಬೆರೆಸಿದ ಬದಲಿ ಉಪ್ಪನ್ನು ಸಾಮಾನ್ಯವಾಗಿ ವಯಸ್ಕರು ಮನೆಯಲ್ಲಿ ಬಳಸಬಹುದೆಂದು 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಸಲಹೆಮಾಡಿದ್ದಾರೆ. ಆದರೆ ಮೂತ್ರಪಿಂಡದ ರೋಗವುಳ್ಳವರಿಗೆ ಅದು ಅಪಾಯಕರ; ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. ಗರ್ಭಿಣಿಯರಿಗೂ ಮಕ್ಕಳಿಗೂ ಈ ಸಲಹೆಯು ಅನ್ವಯಿಸುವುದಿಲ್ಲ. ಸಕ್ಕರೆ ರೋಗವುಳ್ಳವರೂ ಒತ್ತಡದ ಗುಳಿಗೆಗಳನ್ನು ನುಂಗುವವರೂ ವೈದ್ಯರನ್ನು ಕೇಳಿಯೇ ಅದನ್ನು ಬಳಸತಕ್ಕದ್ದು. ಸಾಮಾನ್ಯ ಉಪ್ಪನ್ನೇ ಕಡಮೆಯಾಗಿ ಹಾಕುವ ಕ್ರಮಕ್ಕೆ ಖರ್ಚೂ ಇಲ್ಲ, ಈ ಭಯವೂ ಇಲ್ಲ.

ಗ್ರಾಮದ ಮುಖಂಡರ ಕರ್ತವ್ಯ

ಮನೆಯಲ್ಲಿ ಯಜಮಾನನು ಹೇಗೋ ಊರಿನಲ್ಲಿ ಮುಖಂಡರು ಹಾಗೆ. ಜಾತ್ರೆ, ಮದುವೆ, ದೇವಸ್ಥಾನದ ದಾಸೋಹಗಳಲ್ಲಿ ಅಡಿಗೆಯವರಿಗೆ ಉಪ್ಪನ್ನು ತೂಕಮಾಡಿ ಕೊಡುವ ಏರ್ಪಾಡು ಅವರ ಕೈಯಲ್ಲಿದೆ. ಶಾಲೆಯ ಬಿಸಿಯೂಟದಲ್ಲಿಯೂ ಅಂಗನವಾಡಿಯಲ್ಲಿಯೂ ಉಪ್ಪನ್ನು ಅಳತೆಯಿಂದ ಹಾಕುತ್ತಿದ್ದಾರೆಯೇ ಎಂದು ವಿಚಾರಿಸುವುದೂ ಅವರಿಂದ ಆಗತಕ್ಕ ಕೆಲಸ. 30 ವರ್ಷ ದಾಟಿದವರ ರಕ್ತದ ಒತ್ತಡವನ್ನು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆ ಅಳೆದು ನೋಡುವ ಏರ್ಪಾಡಿದೆ. ರೋಗಕ್ಕೆ ಹೊರಗುರುತಿಲ್ಲದಿರುವುದರಿಂದ, ದೃಢಕಾಯರಾಗಿ ಕಾಣುವವರೂ ಅಳೆಯಿಸಿಕೊಳ್ಳತಕ್ಕದ್ದು. ಊರಿನ ಹಿರಿಯರು ಮೊದಲು ತಮ್ಮ ತೋಳನ್ನು ಒಡ್ಡಿದರೆ ಮಿಕ್ಕವರು ತಾವಾಗಿಯೇ ಹಿಂಬಾಲಿಸುವರು.

ಬರುವ ತಿಂಗಳ ಮೊದಲನೆಯ ತಾರೀಖಿನಲ್ಲಿ ಪ್ರತಿಯೊಬ್ಬ ಜಮೀನುದಾರನೂ ತನ್ನ ಮನೆಯ ಉಪ್ಪಿನ ಪೊಟ್ಟಣವನ್ನು ಒಡೆದ ದಿನವನ್ನು ಬರೆದಿಡಲಿ. ಅದು ಮುಗಿದ ದಿನ ಲೆಕ್ಕ ಹಾಕಿದರೆ, ಮನೆಯವರು ಎಷ್ಟು ಉಪ್ಪು ತಿನ್ನುತ್ತಿದ್ದಾರೆಂಬುದು ಯಾರೂ ಹೇಳಬೇಕಾಗಿಲ್ಲದೆ ತಿಳಿಯುವುದು. ಭೂಮಿಯು ಚೌಳಾಗುವ ಮೊದಲೇ ಬಸಿಗಾಲುವೆಯನ್ನು ತೆಗೆಯುವುದು ಬುದ್ಧಿವಂತನಾದ ಬೇಸಾಯಗಾರನ ಲಕ್ಷಣ. ಆ ಬುದ್ಧಿಯನ್ನು ತನ್ನ ಮತ್ತು ತನ್ನ ಮನೆಯವರ ದೇಹದ ವಿಷಯದಲ್ಲಿಯೂ ಆತನು ಉಪಯೋಗಿಸಿದರೆ ಒಕ್ಕಲಿಗೆ ಕ್ಷೇಮ.